ಕಾಡಿನಲ್ಲಿ ಜೇನು, ನೆಲ್ಲಿಕಾಯಿ ಇರುವಾಗ ಸೋಲಿಗರು ಕೂಲಿಗೆ ಯಾಕೆ ಹೋಗುತ್ತಾರೆ?

ಅವನ್ನು ಮಾರುವ ದಾರಿಯನ್ನು ಕಾನೂನು ಕೆಲವು ವರ್ಷ ಮುಚ್ಚಿಬಿಟ್ಟಿತ್ತು, ಅದೇ ಮುಖ್ಯ ಕಾರಣ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಮರದ ಪಾಚಿ (ಕಲ್ಲುಹೂವು) ತಂದು ಲ್ಯಾಂಪ್ಸ್ ಎಂಬ ಗಿರಿಜನರ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ಆದಾಯದ ದೊಡ್ಡ ಪಾಲು ಅದರಿಂದಲೇ ಬರುತ್ತಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂತು. ಅಭಯಾರಣ್ಯದ ಉತ್ಪನ್ನವನ್ನು ಮನೆ ಬಳಕೆಗೆ ತರಬಹುದು, ಮಾರುವಂತಿಲ್ಲ ಎಂದಾಯಿತು. ಇಲ್ಲಿ ಅದು 2006ರಲ್ಲಿ ಜಾರಿಯಾಯಿತು. ಮಾರದಿದ್ದರೆ ಅಕ್ಕಿ, ಬಟ್ಟೆಗೆ ಕಾಸು ಎಲ್ಲಿಂದ ಬರಬೇಕು? ಕಾಫಿ ತೋಟದ ಕೂಲಿಗೆ ಹೋಗಲೇಬೇಕಾಯಿತು, ಅಲ್ವಾ.

ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಹಲವು ಗ್ರಾಮಸಭೆಗಳಿಗೆ ಸಂಗ್ರಹಿಸಿ ಮಾರುವ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ಸೋಲಿಗರೇ ಮೊದಲಿಗರು. ಇದು ನಿಜಕ್ಕೂ ದೊಡ್ಡ ಗೆಲುವು.

ಆದರೆ ಅಷ್ಟರಲ್ಲಿ ಕಾಡೇ ಬದಲಾಗಿತ್ತು. ಹಿಂದೆ ಸೋಲಿಗರು ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಪೊದೆ ಜಾಸ್ತಿಯಾಯಿತು ಎನ್ನುತ್ತಾರೆ ಹಿರಿಯರು. ಆ ಪೊದೆಯ ನಡುವೆ ನೆಲ್ಲಿಯ ಸಸಿ ಬೆಳೆಯುವುದು ಕಷ್ಟ, ನಡೆದು ಹೋಗಿ ಕಾಯಿ ಕೊಯ್ಯುವುದೂ ಕಷ್ಟ. ಹಾಗಾಗಿ ಹಕ್ಕು ಬಂದರೂ ಎಷ್ಟೋ ಮನೆಗಳಿಗೆ ಕೂಲಿ ತಪ್ಪಿಲ್ಲ.