ಕಾರ್ ಜೊತೆ ಬಂದ ಕಂಪನಿ ಸಬ್‌ವೂಫರ್ (ಬೇಸ್ ಸ್ಪೀಕರ್) ಬೇಸ್ ಸಾಲ್ತಿಲ್ಲ, ಕಮ್ಮಿ ದುಡ್ಡಲ್ಲಿ ಮೊದಲು ಏನ್ ಬದಲಾಯಿಸ್ಬೇಕು?

ಮೊದಲು ಆಂಪ್ (ಸ್ಪೀಕರಿಗೆ ಪವರ್ ಕೊಡೋ ಆಂಪ್ಲಿಫೈಯರ್) ಬದಲಾಯ್ಸಿ, ಸಬ್ ಆಮೇಲೆ ನೋಡಿ. ಬರೀ ಸಬ್ ಹೊಸದು ಹಾಕಿದ್ರೆ ಎಷ್ಟೋ ಸಲ ಸೌಂಡ್ ಮೊದಲಿಗಿಂತ ಕಮ್ಮಿನೇ ಆಗುತ್ತೆ. ಯಾಕಂದ್ರೆ ತುಂಬಾ ಕಾರಲ್ಲಿ ಕಂಪನಿ ಸಬ್ 2 ಓಮ್ ಇರುತ್ತೆ, ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ, ಅಂಗಡೀಲಿ ಸಿಗೋದು ಜಾಸ್ತಿ 4 ಓಮ್, ತಡೆ ಡಬಲ್ ಆದ್ರೆ ಅದೇ ಆಂಪಿಂದ ಬರೋ ಪವರ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದ್ಬಿಡುತ್ತೆ.

ಹೈ ಲೆವೆಲ್ ಇನ್‌ಪುಟ್ ಇರೋ ಮೋನೋ ಆಂಪ್, ಅಂದ್ರೆ ಒಂದೇ ಚಾನೆಲ್ ಇರೋದು ತಗೊಳ್ಳಿ, ಅದು ಸ್ಪೀಕರ್ ವೈರಿಂದಲೇ ಸಿಗ್ನಲ್ ಎಳ್ಕೊಳ್ಳುತ್ತೆ, ಸ್ಟೀರಿಯೋ ಬದಲಾಯಿಸೋ ಖರ್ಚು ಉಳೀತು. ಡಬ್ಬದ ಮೇಲಿನ 1000 ವಾಟ್ ನಂಬ್ಬೇಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ, ಸತತವಾಗಿ ಕೊಡೋ ಪವರ್ ಅದೇ. ಕಂಪನಿ ಸಬ್ ಚಿಕ್ಕದು, ಹೊಸ ಆಂಪಲ್ಲಿ ಗೇನ್ (ಸಿಗ್ನಲ್ ಎಷ್ಟು ಹೆಚ್ಚಿಸ್ಬೇಕು ಅಂತ ಹೊಂದಿಸೋ ತಿರುಪು) ತಿರುಗಿಸ್ತಾ ಹೋಗಿ ಗರ್ ಅಂತ ಒಡೆದ ಸದ್ದು ಬಂದ ತಕ್ಷಣ ಹಿಂದಕ್ಕೆ ಬನ್ನಿ.

ವೈರಿಂಗಲ್ಲಿ ಮಾತ್ರ ದಯವಿಟ್ಟು ಉಳಿತಾಯ ಮಾಡ್ಬೇಡಿ. ಪವರ್ ವೈರಿಗೆ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಇರ್ಬೇಕು, ಇಲ್ಲಾಂದ್ರೆ ವೈರ್ ಎಲ್ಲಾದ್ರೂ ಉಜ್ಜಿ ಬಾಡಿಗೆ ತಾಗಿದ್ರೆ ಬೆಂಕಿನೇ. ನಮ್ಮ ಕೊಡಗಲ್ಲಿ ಇನ್ನೊಂದಿದೆ, ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಕೊಡೆ ಎಲ್ಲಾ ಒಳಗೆ ಬಂದು ಮ್ಯಾಟ್ ಕೆಳಗಿನ ಕಾರ್ಪೆಟ್ ದಿನಗಟ್ಲೆ ಒಣಗಲ್ಲ, ಅದ್ಕೆ ಆಂಪನ್ನ ನೆಲಕ್ಕೆ ತಾಗಿಸಿ ಕೂರಿಸ್ಬೇಡಿ, ಸೀಟ್ ಕೆಳಗಾದ್ರೆ ಬ್ರಾಕೆಟ್ ಹಾಕಿ ಎತ್ತರಿಸಿ. ಅರ್ತ್ ವೈರ್ ಕೂರೋ ಜಾಗದಲ್ಲಿ ಪೇಂಟ್ ಕೆರೆದು ಬೋಲ್ಟ್ ಬಿಗಿ ಮಾಡಿ ಮೇಲೆ ಗ್ರೀಸ್ ಸವರಿ, ಅಲ್ಲಿ ತುಕ್ಕು ಹಿಡಿದ್ರೆ ಇಂಜಿನ್ ಸದ್ದು ಸ್ಪೀಕರಲ್ಲಿ ಕುಯ್ ಅಂತ ಕೇಳ್ಸುತ್ತೆ.