ಸ್ಟಾರ್‌ಗಳನ್ನು ಪಕ್ಕಕ್ಕಿಡಿ, ಹಿಂದೆ ಕೂತು ನುಡಿಸಿದವರನ್ನು ಹಿಡಿಯಿರಿ

ಸರ್, ಹಳೆ ರಾಕ್ ಮತ್ತು ಸೋಲ್ (ಅಮೆರಿಕದ ಕಪ್ಪು ಜನರ ಜನಪ್ರಿಯ ಗಾಯನ ಶೈಲಿ) ಹಾಡುಗಳನ್ನು ಎಲ್ಲಿಂದ ಕೇಳೋಕೆ ಶುರು ಮಾಡಲಿ ಅಂತ ನೀವು ಕೇಳಿದ್ದು ಅಲ್ವಾ. ಅದಕ್ಕೆ ಉತ್ತರವಾಗಿ ಆಗಲೇ ಎಷ್ಟೋ ಜನ ‘ಐತಿಹಾಸಿಕ ಕ್ಷಣ’ಗಳನ್ನು ಬರೆದಿದ್ದಾರೆ. ವುಡ್‌ಸ್ಟಾಕ್, ಬೀಟಲ್ಸ್ ಮಹಡಿ ಮೇಲೆ ನುಡಿಸಿದ್ದು, ಹೆಂಡ್ರಿಕ್ಸ್ ಗಿಟಾರ್‌ಗೆ ಬೆಂಕಿ ಇಟ್ಟಿದ್ದು. ಎಲ್ಲ ಸರಿಯೇ. ಆದರೆ ಅದು ಕ್ವಿಜ್‌ಗೆ ಆಗುತ್ತದೆ, ಕಿವಿ ಪಳಗುವುದಿಲ್ಲ. ನನ್ನ ಕೇಳಿದರೆ ಸ್ಟಾರ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಹಿಂದೆ ಕೂತು ನುಡಿಸಿದ ಒಂದು ತಂಡವನ್ನು ಹಿಡಿದುಕೊಂಡು ಹೋಗಿ. ಸೋಲ್‌ನಿಂದ ರಾಕ್‌ಗೆ ದಾರಿ ತಾನಾಗೇ ಸಿಗುತ್ತದೆ.

ಊರು ಮಸಲ್ ಶೋಲ್ಸ್. ಅಮೆರಿಕದ ಅಲಬಾಮಾದಲ್ಲಿ ಟೆನ್ನೆಸ್ಸೀ ನದಿ ದಡದ ಸಣ್ಣ ಊರು. ಅಲ್ಲಿ ರಿಕ್ ಹಾಲ್ ಅನ್ನುವವನ ಫೇಮ್ ಸ್ಟುಡಿಯೋ. ಅದೇ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ 1963ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಯೂನಿವರ್ಸಿಟಿಗೆ ಬಿಡಲ್ಲ ಅಂತ ಬಾಗಿಲಿಗೆ ಅಡ್ಡ ನಿಂತಿದ್ದ. ಅಂಥ ಕಾಲದಲ್ಲಿ ಈ ಊರಿನ ಬಿಳಿ ಹುಡುಗರು ಕಪ್ಪು ಗಾಯಕರ ಹಿಂದೆ ಕೂತು ನುಡಿಸುತ್ತಿದ್ದರು. ಎಷ್ಟು ಚೆನ್ನಾಗಿ ಅಂದರೆ, ರೇಡಿಯೋದಲ್ಲಿ ಕೇಳಿದವರು ಇವರೂ ಕಪ್ಪು ಜನರೇ ಅಂದುಕೊಂಡರು.

ಮೊದಲು ಪರ್ಸಿ ಸ್ಲೆಡ್ಜ್‌ನ ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಹಾಕಿ. 1966ರದ್ದು. ಆತ ಆಸ್ಪತ್ರೆಯಲ್ಲಿ ಆರ್ಡರ್ಲಿ ಕೆಲಸ ಮಾಡಿಕೊಂಡಿದ್ದವನು. ಇದು ಫೇಮ್‌ನಲ್ಲಿ ಆಗಿದ್ದಲ್ಲ, ಪಕ್ಕದ ಶೆಫೀಲ್ಡ್‌ನ ಇನ್ನೊಂದು ಪುಟ್ಟ ಸ್ಟುಡಿಯೋದಲ್ಲಿ. ಗಾಯಕನನ್ನು ಬಿಟ್ಟು ಶುರುವಿನ ಆರ್ಗನ್ ಕೇಳಿ. ಅದು ಸ್ಪೂನರ್ ಓಲ್ಡಮ್. ಆ ಭಾಗದಿಂದ ಹೋಗಿ ಅಮೆರಿಕದಲ್ಲಿ ನಂಬರ್ ಒನ್ ಆದ ಮೊದಲ ಹಾಡು ಇದೇ.

ಈಗ ಮುಖ್ಯವಾದದ್ದಕ್ಕೆ ಬರೋಣ. 1967ರ ಜನವರಿ 24. ಗಾಯಕಿ ಅರೀಥಾ ಫ್ರಾಂಕ್ಲಿನ್‌ಗೆ ಆಗ 24 ವರ್ಷ. ಕೊಲಂಬಿಯಾ ರೆಕಾರ್ಡ್ ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದರೂ ದೊಡ್ಡ ಹೆಸರು ಬಂದಿರಲಿಲ್ಲ. ಅಟ್ಲಾಂಟಿಕ್ ಅನ್ನುವ ಇನ್ನೊಂದು ರೆಕಾರ್ಡ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಆಕೆಯನ್ನು ಫೇಮ್‌ಗೆ ಕರೆದುಕೊಂಡು ಬಂದು ಪಿಯಾನೋ ಮುಂದೆ ಕೂರಿಸಿದ. ‘ಐ ನೆವರ್ ಲವ್ಡ್ ಎ ಮ್ಯಾನ್’ ಹಾಡು ಕೈಲಿತ್ತು, ಆದರೆ ಹೇಗೆ ನುಡಿಸಬೇಕು ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಆಗ ಸ್ಪೂನರ್ ಓಲ್ಡಮ್ ಎಲೆಕ್ಟ್ರಿಕ್ ಪಿಯಾನೋ ಮೇಲೆ ಒಂದು ಸಣ್ಣ ಮಟ್ಟು ತೆಗೆದ, ಉಳಿದವರು ಅದನ್ನೇ ಹಿಡಿದುಕೊಂಡರು. ಈಗಲೂ ಹಾಡು ಶುರುವಾಗುವುದು ಆ ಮಟ್ಟಿನಿಂದಲೇ. ಹೆಡ್‌ಫೋನ್ ಹಾಕಿಕೊಂಡು ಮೊದಲ ಅರ್ಧ ನಿಮಿಷವನ್ನು ನಾಲ್ಕೈದು ಸಲ ಕೇಳಿ. ಒಂದು ಸಲ ಆ ಪಿಯಾನೋ ಮಾತ್ರ, ಒಂದು ಸಲ ರೋಜರ್ ಹಾಕಿನ್ಸ್‌ನ ಡ್ರಮ್ಸ್ ಮಾತ್ರ. ನಡೆ ಮೂರರದ್ದು, ನಮ್ಮ ತಿಶ್ರ ಗೊತ್ತಿದ್ದರೆ ಕೈಯಲ್ಲಿ ತಟ್ಟುತ್ತಾ ಕೂರಬಹುದು. ಡ್ರಮ್ಸ್‌ನವನು ಎಲ್ಲೂ ಜಂಬ ತೋರಿಸುವುದಿಲ್ಲ. ಆಕೆ ಕೂಗಿದಾಗಲೂ ಆತ ತನ್ನ ಪಾಡಿಗೆ ತಾನು ಇರುತ್ತಾನೆ.

ಅದೇ ದಿನ ಜಗಳವೂ ಆಯಿತು. ಟ್ರಂಪೆಟ್ ನುಡಿಸುವವನಿಗೂ ಅರೀಥಾಳ ಆಗಿನ ಗಂಡ ಟೆಡ್ ವೈಟ್‌ಗೂ ಮಾತಿಗೆ ಮಾತು ಬೆಳೆಯಿತು. ಸರಿಮಾಡುತ್ತೇನೆ ಅಂತ ರಿಕ್ ಹಾಲ್ ರಾತ್ರಿ ಹೋಟೆಲ್‌ಗೆ ಹೋದ, ಕುಡಿದು ಹೋದ, ಅಲ್ಲಿ ಕೈ ಕೈ ಮಿಲಾಯಿಸಿತು. ಮರುದಿನ ಅರೀಥಾ ಊರು ಬಿಟ್ಟಳು. ಒಂದು ಹಾಡು ಪೂರ್ತಿ, ಇನ್ನೊಂದು ಅರ್ಧ, ಅಷ್ಟೇ ಮಸಲ್ ಶೋಲ್ಸ್‌ನ ಪಾಲು. ವೆಕ್ಸ್ಲರ್ ಜಾಣ. ಸ್ಯಾಕ್ಸೊಫೋನ್‌ನ ಕಿಂಗ್ ಕರ್ಟಿಸ್‌ನ ಆಲ್ಬಂಗೆ ಬೇಕು ಅಂತ ಹೇಳಿ ರಿಕ್ ಹಾಲ್‌ನ ಹುಡುಗರನ್ನೇ ನ್ಯೂಯಾರ್ಕ್‌ಗೆ ಕರೆಸಿಕೊಂಡು ಅರೀಥಾಳ ಜೊತೆ ಕೂರಿಸಿದ. ಫೆಬ್ರವರಿ 14ರಂದು ಅಲ್ಲಿ ಆಗಿದ್ದು ‘ರೆಸ್ಪೆಕ್ಟ್’.

ಅದು ಮೊದಲು ಸೋಲ್ ಗಾಯಕ ಓಟಿಸ್ ರೆಡ್ಡಿಂಗ್‌ನ ಹಾಡು, 1965ರದ್ದು. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ. ಓಟಿಸ್‌ನದ್ದರಲ್ಲಿ ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುತ್ತಾನೆ. ಅರೀಥಾ ಅದನ್ನೇ ಹೆಂಗಸಿನ ಮಾತಾಗಿ ತಿರುಗಿಸಿದಳು. R-E-S-P-E-C-T ಅಂತ ಅಕ್ಷರ ಬಿಡಿಸಿ ಬಿಡಿಸಿ ಹೇಳುವ ಭಾಗ ಓಟಿಸ್‌ನದ್ದರಲ್ಲಿ ಇಲ್ಲವೇ ಇಲ್ಲ. ಹಿಂದೆ ದನಿಗೂಡಿಸುವವರಲ್ಲಿ ಆಕೆಯ ತಂಗಿ ಕ್ಯಾರಲಿನ್ ಇದ್ದಾಳೆ. ಜೂನ್‌ನಲ್ಲಿ ಹಾಡು ನಂಬರ್ ಒನ್. ಅದೇ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಸಂಗೀತ ಹಬ್ಬದಲ್ಲಿ ಓಟಿಸ್ ಈ ಹಾಡಿಗೆ ಮುಂಚೆ, ಒಬ್ಬಳು ಹುಡುಗಿ ಇದನ್ನು ನನ್ನಿಂದ ಕಿತ್ತುಕೊಂಡು ಹೋದಳು ಅಂತ ತಮಾಷೆ ಮಾಡಿದ. ಡಿಸೆಂಬರ್ 10ಕ್ಕೆ ವಿಮಾನ ಅಪಘಾತದಲ್ಲಿ ತೀರಿಕೊಂಡ, ಬರೀ 26 ವರ್ಷ.

1969ರಲ್ಲಿ ಫೇಮ್‌ನಲ್ಲಿ ನುಡಿಸುತ್ತಿದ್ದ ಜಿಮ್ಮಿ ಜಾನ್ಸನ್ (ಗಿಟಾರ್), ರೋಜರ್ ಹಾಕಿನ್ಸ್ (ಡ್ರಮ್ಸ್), ಡೇವಿಡ್ ಹುಡ್ (ಬೇಸ್), ಬ್ಯಾರಿ ಬೆಕೆಟ್ (ಕೀಬೋರ್ಡ್) ನಾಲ್ವರೂ ರಿಕ್ ಹಾಲ್‌ನನ್ನು ಬಿಟ್ಟು ಶೆಫೀಲ್ಡ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದರು. ರಾಕ್‌ನವರು ಅಲ್ಲಿಗೇ ಬಂದರು. ಅದೇ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಸದ್ದಿಲ್ಲದೆ ಬಂದು ಮೂರು ದಿನದಲ್ಲಿ ‘ಬ್ರೌನ್ ಶುಗರ್’, ‘ವೈಲ್ಡ್ ಹಾರ್ಸಸ್’ ಸೇರಿ ಮೂರು ಹಾಡು ರೆಕಾರ್ಡ್ ಮಾಡಿಕೊಂಡು ಹೋದರು. ಇಲ್ಲಿ ಊರಿನ ಹುಡುಗರು ನುಡಿಸಲಿಲ್ಲ, ಜಿಮ್ಮಿ ಜಾನ್ಸನ್ ಮಾತ್ರ ರೆಕಾರ್ಡಿಂಗ್ ಇಂಜಿನಿಯರ್. ‘ವೈಲ್ಡ್ ಹಾರ್ಸಸ್’ನ ಪಿಯಾನೋ ಮೆಂಫಿಸ್‌ನ ಜಿಮ್ ಡಿಕಿನ್ಸನ್‌ನದು. ಸ್ಟೋನ್ಸ್ ಜೊತೆಗೇ ಇದ್ದ ಪಿಯಾನೋ ವಾದಕ ಇಯನ್ ಸ್ಟೂವರ್ಟ್‌ಗೆ ಮೈನರ್ ಕಾರ್ಡ್ (ದುಃಖದ ಛಾಯೆಯ ಸ್ವರಗುಚ್ಛ) ಅಂದರೆ ಆಗುತ್ತಿರಲಿಲ್ಲ, ಪುಣ್ಯಾತ್ಮ ನುಡಿಸಲೇ ಇಲ್ಲ! ‘ಗಿಮ್ಮಿ ಶೆಲ್ಟರ್’ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ, ಆ ಸ್ಟುಡಿಯೋದಲ್ಲಿ ಅವರು ತಮ್ಮದೇ ಹಾಡು ಕೇಳುತ್ತಾ ಕೂತಿರುವುದು, ಅವರ ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ನ ಸವೆದ ಬೂಟು ತಾಳಕ್ಕೆ ಅಲ್ಲಾಡುವುದು ಎಲ್ಲ ಇದೆ. ಅಲ್ಲಿಂದ ಹೋದವರು ಡಿಸೆಂಬರ್ 6ಕ್ಕೆ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ನುಡಿಸಿದರು. ಜನರ ಮಧ್ಯೆ ಕೊಲೆಯಾದ ಕಾರ್ಯಕ್ರಮ ಅದೇ.

ಬೇಸ್ ಗಿಟಾರ್ ಕಲಿಯುತ್ತಿದ್ದೇನೆ ಅಂದಿರಲ್ಲ, ನಿಮಗೆ ಸ್ಟೇಪಲ್ ಸಿಂಗರ್ಸ್‌ನ ‘ಐಲ್ ಟೇಕ್ ಯು ದೇರ್’ (1972). ಎರಡೇ ಕಾರ್ಡ್. ಮಧ್ಯದಲ್ಲಿ ಮೇವಿಸ್ ಸ್ಟೇಪಲ್ಸ್ ಡೇವಿಡ್ ಹುಡ್‌ನ ಹೆಸರು ಹಿಡಿದು ಕರೆಯುತ್ತಾಳೆ, ಆಗ ಬೇಸ್ ಮುಂದೆ ಬರುತ್ತದೆ. ಸ್ವರ ಜಾಸ್ತಿ ಇಲ್ಲ, ಬಿಟ್ಟ ಜಾಗ ಗಮನಿಸಿ. ಶುರುವಿನ ತುಣುಕು ಜಮೈಕಾದ ‘ಲಿಕ್ವಿಡೇಟರ್’ ಅನ್ನುವ ಹಾಡಿನಿಂದ ಎತ್ತಿದ್ದು, ಅದನ್ನೂ ಕೇಳಿ. ‘ಐಲ್ ಟೇಕ್ ಯು ದೇರ್’ ಕೇಳಿ ಮರುಳಾದ ಅಮೆರಿಕದ ಗಾಯಕ ಪಾಲ್ ಸೈಮನ್, ಆ ಕಪ್ಪು ವಾದ್ಯಗಾರರು ನನಗೂ ಬೇಕು ಅಂದನಂತೆ. ಬಂದು ನೋಡಿದರೆ ಎಲ್ಲ ಬಿಳಿಯರು. ಅವರ ಜೊತೆಗೇ ‘ಕೊಡಾಕ್ರೋಮ್’ ಹಾಡು ಮಾಡಿದ.

ಆನ್‌ಲೈನ್‌ನಲ್ಲಿ ಹುಡುಕುವಾಗ ಒಂದು ಎಚ್ಚರ. ಆ ಕಾಲದ ಸೋಲ್ ಗಾಯಕರಲ್ಲಿ ಎಷ್ಟೋ ಜನ ತಮ್ಮ ಹಿಟ್ ಹಾಡುಗಳನ್ನು ವರ್ಷಗಳಾದ ಮೇಲೆ ಬೇರೆ ವಾದ್ಯಗಾರರ ಜೊತೆ ಮತ್ತೆ ಹಾಡಿದ್ದಾರೆ. ಅಗ್ಗದ ‘ಬೆಸ್ಟ್ ಆಫ್’ಗಳಲ್ಲಿ ಅವೇ ಜಾಸ್ತಿ. ಪರ್ಸಿ ಸ್ಲೆಡ್ಜ್, ಅರೀಥಾ ಹಾಡುಗಳಿಗೆ ಲೇಬಲ್ ಅಟ್ಲಾಂಟಿಕ್, ವರ್ಷ 1966 ಅಥವಾ 67 ಇದೆಯಾ ನೋಡಿಕೊಳ್ಳಿ, ಸಿಕ್ಕರೆ ಮೋನೋ (ಸ್ಟೀರಿಯೋ ಅಲ್ಲದ, ಒಂದೇ ಚಾನೆಲ್‌ನ) ಆವೃತ್ತಿ ಹಾಕಿ. ಎಲ್‌ಪಿ ಒಂದೇ ಕೊಳ್ಳುವುದಾದರೆ ಅರೀಥಾಳ 1967ರ ಮೊದಲ ಅಟ್ಲಾಂಟಿಕ್ ಆಲ್ಬಂ ಕೊಳ್ಳಿ. ‘ರೆಸ್ಪೆಕ್ಟ್’ ಮೊದಲನೆಯದು, ಮಸಲ್ ಶೋಲ್ಸ್‌ನ ‘ಐ ನೆವರ್ ಲವ್ಡ್ ಎ ಮ್ಯಾನ್’ ಮೂರನೆಯದು. ಈಚೆಗೆ ಮತ್ತೆ ಅಚ್ಚಾದ ಹೊಸ ಪ್ರತಿ ಸಾಕು, ಹಳೆಯದಕ್ಕೆ ದುಡ್ಡು ಸುರಿಯಬೇಡಿ.