ಉ: ಆಫೀಸ್ ಕಂಪ್ಯೂಟರಿನ ಸದ್ದು ಮನೆಯಲ್ಲಿ ಕೇಳಿಸ್ತಿಲ್ಲ

ಸಕಲೇಶಪುರದ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ದೂರದ ಕಂಪ್ಯೂಟರನ್ನ ನೆಟ್ ಮೂಲಕ ನಡೆಸೋ ವಿಂಡೋಸ್ ಸೌಲಭ್ಯ) ಟ್ರೇನಿಂಗ್ ವಿಡಿಯೋ ಹಾಕಿದರೆ ಸದ್ದೆಲ್ಲ ಹಾಸನದ ಆಫೀಸಿನ ಸ್ಪೀಕರಲ್ಲೇ ಬರ್ತಿದೆ, ಪಕ್ಕದ ಟೇಬಲ್ಲಿನವರು ಫೋನ್ ಮಾಡಿ ಬೈದರು ಅಂದಿರಲ್ಲ, ಆ ಬೈಗುಳದಲ್ಲೇ ಉತ್ತರ ಇದೆ ಸಾರ್. ಅಲ್ಲಿ ಸದ್ದು ಬರ್ತಿದೆ ಅಂದ್ರೆ ಆಡಿಯೋ ಡ್ರೈವರ್ (ಸದ್ದು ಹೊರಡಿಸೋ ಸಾಫ್ಟ್‌ವೇರ್) ಸರಿಯಾಗೇ ಇದೆ, ಮತ್ತೆ ಇನ್‌ಸ್ಟಾಲ್ ಮಾಡೋ ಗೋಜಿಗೆ ಹೋಗಬೇಡಿ.

ಮೊದಲು ಸೆಷನ್ ಡಿಸ್ಕನೆಕ್ಟ್ ಮಾಡಿ. ನಿಮ್ಮ ಲ್ಯಾಪ್‌ಟಾಪಿನ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯಲ್ಲಿ, ಕನೆಕ್ಟ್ ಒತ್ತೋಕೆ ಮುಂಚೆ, ‘ಶೋ ಆಪ್ಷನ್ಸ್’ ತೆರೆದು ‘ಲೋಕಲ್ ರಿಸೋರ್ಸಸ್’ ಟ್ಯಾಬಿಗೆ ಹೋಗಿ. ‘ರಿಮೋಟ್ ಆಡಿಯೋ’ ಕೆಳಗಿನ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇ ಆನ್ ರಿಮೋಟ್ ಕಂಪ್ಯೂಟರ್’ ಅಂತ ಇರುತ್ತೆ ನೋಡಿ, ಅದನ್ನ ‘ಪ್ಲೇ ಆನ್ ದಿಸ್ ಕಂಪ್ಯೂಟರ್’ ಮಾಡಿ. ಜನರಲ್ ಟ್ಯಾಬಿಗೆ ಬಂದು ಸೇವ್ ಒತ್ತಿ. ಐಟಿಯವರು ಕೊಟ್ಟ ಆರ್‌ಡಿಪಿ ಫೈಲಿನಿಂದ (ಕನೆಕ್ಷನ್ ವಿವರ ಇರೋ ಫೈಲು) ಹೋಗ್ತಿದ್ರೆ ಅದರ ಸೆಟ್ಟಿಂಗೇ ಬೇರೆ. ರೈಟ್ ಕ್ಲಿಕ್ ಮಾಡಿ ಎಡಿಟ್‌ನಲ್ಲಿ ಇದನ್ನೇ ಬದಲಿಸಿ.

ಆಫೀಸ್ ಕಂಪ್ಯೂಟರಿನ ಒಳಗೆ ಹೋದಮೇಲೆ ಅಲ್ಲಿನ ಸ್ಪೀಕರ್ ಗುರುತಿನ ಮೇಲೆ ಮೌಸ್ ಇಟ್ಟರೆ ‘ರಿಮೋಟ್ ಆಡಿಯೋ’ ಅಂತ ಕಾಣಬೇಕು. ಕಾಣದಿದ್ರೆ ಗ್ರೂಪ್ ಪಾಲಿಸಿಯಲ್ಲಿ (ಆಫೀಸ್ ಕಂಪ್ಯೂಟರುಗಳಿಗೆ ಐಟಿಯವರು ಹಾಕೋ ನಿಯಮ) ಆಡಿಯೋ ರೀಡೈರೆಕ್ಷನ್, ಅಂದ್ರೆ ಸದ್ದನ್ನ ನಿಮ್ಮ ಕಡೆ ಕಳಿಸೋದು, ಮುಚ್ಚಿರಬಹುದು, ಅದು ಐಟಿಯವರ ಕೈಲೇ ಆಗಬೇಕು.

ಮೈಕ್‌ಗೆ ಅದೇ ಜಾಗದಲ್ಲಿ ‘ರೆಕಾರ್ಡ್ ಫ್ರಮ್ ದಿಸ್ ಕಂಪ್ಯೂಟರ್’ ಇದೆ. ಆದ್ರೆ ನಮ್ಮ ಕಡೆ ಮಳೆಗಾಲದ ನೆಟ್ ಗೊತ್ತಲ್ಲ, ಮೀಟಿಂಗನ್ನ ನೇರವಾಗಿ ಲ್ಯಾಪ್‌ಟಾಪಲ್ಲೇ ಸೇರಿಕೊಳ್ಳಿ.